ದಳವಾಯಿ ಪುಟ್ಟಸಿದ್ದಯ್ಯನ ಬೋರ್ಡು

ತನಗೊಂದು ಮನೆತನದ ಹೆಸರಿಲ್ಲ ಎಂಬ ಸಂಗತಿ ಪುಟ್ಟಸಿದ್ದಯ್ಯನ ಗಮನಕ್ಕೆ ಬಂದದ್ದು ಐವತ್ತು ದಾಟಿದ ಮೇಲೆ. ಅಲ್ಲಿಯವರೆಗೆ ಅದಿಲ್ಲದೆ ಅವನ ಯಾವ ಕೆಲಸವೂ ನಿಂತಿರಲಿಲ್ಲ. ಕೊಳ್ಳೇಗಾಲದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವನಿಗೆ ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿಯಿತ್ತು. ಅಂಗಡಿಯ ಮೇಲೆ ಮನೆ. ಊರಿನವರ ಮದುವೆ, ತಿಥಿ, ನಾಮಕರಣಗಳೆಲ್ಲ ಅವನ ಬಟ್ಟೆಯ ನೆರಳಿನಲ್ಲೇ ನಡೆಯುತ್ತಿದ್ದವು. ಜನ 'ಶಾಮಿಯಾನ ಸಿದ್ದಯ್ಯ' ಎಂದು ಕರೆಯುತ್ತಿದ್ದರು. ಅವನೂ ಓಗೊಡುತ್ತಿದ್ದ.

ಕೆಟ್ಟದ್ದು ಮೈಸೂರಿನಲ್ಲಿ. ಅವನ ಷಡ್ಡಕ ರುದ್ರಸ್ವಾಮಿ ಹೊಸ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಕರೆದಿದ್ದ. ಗೇಟಿನ ಪಕ್ಕದ ಕರಿಯ ಗ್ರಾನೈಟಿನ ಮೇಲೆ ಚಿನ್ನದ ಬಣ್ಣದಲ್ಲಿ 'ರುದ್ರಸ್ವಾಮಿ ಪಾಟೀಲ್' ಎಂದು ಕೆತ್ತಿಸಿದ್ದ. ಪುಟ್ಟಸಿದ್ದಯ್ಯ ಅದನ್ನು ಎರಡು ಸಲ ಓದಿದ. ರುದ್ರಸ್ವಾಮಿ ಹುಟ್ಟಿದ್ದು ಹನೂರಿನಲ್ಲಿ. ಆ ಸೀಮೆಯಲ್ಲಿ ಪಾಟೀಲರೊಬ್ಬರು ಇದ್ದುದನ್ನು ಕಂಡವರು ಇರಲಿ, ಕೇಳಿದವರೂ ಇರಲಿಲ್ಲ.

"ಇದ್ಯಾವಾಗಿಂದ ಭಾವ?" ಎಂದು ಕೇಳಿದ.

"ಅದು ಮನೆತನದ್ದು. ಎಲ್ಲರ ಮನೆಗೂ ಒಂದು ಇರುತ್ತೆ. ನಿಮಗೂ ಇರಬೇಕಲ್ಲ?" ಎಂದ ರುದ್ರಸ್ವಾಮಿ. ಪುಟ್ಟಸಿದ್ದಯ್ಯ ಮತ್ತೆ ಗ್ರಾನೈಟಿನ ಕಡೆ ತಿರುಗಿದ್ದು ನೋಡಿ ಅವನ ಹೆಗಲು ತಟ್ಟಿದ. "ಇಲ್ವ? ಪಾಪ."

ಆ 'ಪಾಪ' ಎಂಬುದು ಪುಟ್ಟಸಿದ್ದಯ್ಯನ ಎಲೆಯ ಮೇಲಿದ್ದ ಹೋಳಿಗೆಯನ್ನು ಕಹಿ ಮಾಡಿತು. ಊರಿಗೆ ಬಂದವನೇ ಕೌದಳ್ಳಿಯಲ್ಲಿದ್ದ ತನ್ನ ಸೋದರತ್ತೆ ರಂಗಮ್ಮನಿಗೆ ಫೋನ್ ಮಾಡಿದ. ಅವನ ವಂಶದಲ್ಲಿ ಹಳೆಯದನ್ನು ಬಲ್ಲವಳಾಗಿ ಉಳಿದಿದ್ದವಳು ಅವಳೊಬ್ಬಳೇ.

"ಅತ್ತೆ, ನಮ್ಮ ಮನೆಗೆ ಏನಾರ ಎಸ್ರಿತ್ತಾ?"

"ಎಸ್ರಿಲ್ದೆ ಏನು? ದಳವಾಯೋರ ಮನೆ ಅಂತಿದ್ರು ಕಣಪ್ಪ. ಅದ್ಯಾಕೆ ಅಂದ್ರೆ..."

ಪುಟ್ಟಸಿದ್ದಯ್ಯ ಸಂತೋಷ ತಡೆಯಲಾರದೆ ಫೋನ್ ಇಟ್ಟುಬಿಟ್ಟ. ಇನ್ನೊಂದು ನಿಮಿಷ ಕಿವಿಗೊಟ್ಟಿದ್ದರೆ ಮುಂದಿನ ಯಾವುದೂ ನಡೆಯುತ್ತಿರಲಿಲ್ಲ. ಆದರೆ ದಳವಾಯಿ ಎಂಬ ಮಾತು ಕಿವಿಗೆ ಬಿದ್ದ ಮೇಲೆ 'ಯಾಕೆ' ಎಂಬುದು ಯಾರಿಗೆ ಬೇಕು?

ಮಾರನೆಯ ದಿನವೇ ಬೋರ್ಡು ಬರೆಯುವ ಮೂರ್ತಿ ಏಣಿ ಹಾಕಿದ.

"ದಳವಾಯಿ ಅಂದ್ರೇನು ಸಾ?"

"ದಂಡನಾಯಕ ಕಣಯ್ಯ. ರಾಜನ ಕೆಳಗೆ ಇಡೀ ದಂಡು ಅವನ ಮಾತು ಕೇಳ್ಬೇಕು."

ಮೂರ್ತಿಗೆ ಹುರುಪು ಬಂದು, ಹೇಳದಿದ್ದರೂ ಹೆಸರಿನ ಎರಡು ಕಡೆ ಒಂದೊಂದು ಕತ್ತಿ ಬರೆದ. ಅವನು ಈವರೆಗೆ ಬರೆದದ್ದೆಲ್ಲ ಹೋಟೆಲ್ ಬೋರ್ಡುಗಳಾದ್ದರಿಂದ ಕತ್ತಿಗಳು ಸೌಟಿನಂತೆ ಬಂದವು. 'ದಳವಾಯಿ ಪುಟ್ಟಸಿದ್ದಯ್ಯ ಶಾಮಿಯಾನ ಮತ್ತು ಪಾತ್ರೆ ಸಾಮಾನು' ಎಂಬ ಬೋರ್ಡು ಬೀದಿಯ ಆ ತುದಿಯಿಂದಲೂ ಕಾಣುತ್ತಿತ್ತು.

ಎದುರಿನ ಟೀ ಅಂಗಡಿಯ ಮಾದು ಕೆಟಲ್ ಕೆಳಗಿಟ್ಟು ಬಂದು ನಿಂತ. "ಸಿದ್ದಯ್ಣ, ನಿಮ್ಮೋರು ಯಾವ ಯುದ್ಧ ಮಾಡಿದ್ದು?"

"ಅಳೇವು ಕಣ್ಲಾ. ಬೇಕಾದಷ್ಟವೆ."

"ಗೆದ್ರಾ?"

"ಸೋತಿದ್ರೆ ಬೋರ್ಡ್ ಹಾಕ್ಸ್ತಿದ್ನ?"

ಈ ಉತ್ತರ ಬೀದಿಗೆ ಒಪ್ಪಿಗೆಯಾಯಿತು. ಅವನ ಹೆಂಡತಿ ಗೋವಿಂದಮ್ಮ ಮಾತ್ರ ಬೋರ್ಡು ನೋಡಿ, "ಮೊದ್ಲು ಆ ಅರಿದಿರೋ ಪರದೆ ಒಲ್ಸಿ, ಆಮೇಲೆ ದಂಡು ಕಟ್ಟೀರಂತೆ" ಎಂದಳು.

ಬೋರ್ಡಿನ ಮೊದಲ ಫಲ ಗಡಿಯಂಚಿನ ಗೋಪಿನಾಥಂನಿಂದ ಬಂತು. ತಂಗಿಯ ಮದುವೆಗೆ ಪಾತ್ರೆ ಕೇಳಲು ಬಂದ ಯುವಕನೊಬ್ಬ ತಲೆಯೆತ್ತಿ ಓದಿ ನಗುತ್ತಾ ಒಳಗೆ ಬಂದ. "ಸಾ, ನಂಗೂ ಇದೇ ಪೇರು. ತಳವಾಯ್."

ಪುಟ್ಟಸಿದ್ದಯ್ಯ ಗಲ್ಲಾ ಬಿಟ್ಟು ಎದ್ದು ಬಂದ. "ನೀನೂ ನಮ್ಮೋನಾ?"

"ನಾನ್ ತಳವಾಯ್ ಸಾ. ನಮ್ ತಾತನ ಪೇರು, ನಂಗಿಟ್ರು."

"ನಿಮ್ಮ ಮನೆಯೋರೆಲ್ಲ ದಳವಾಯೋರೇ?"

"ಇಲ್ಲ ಸಾ. ತಮ್ಮನ ಪೇರು ಸೆಲ್ವಂ. ಅಪ್ಪ ಮುನುಸಾಮಿ. ನಾನೊಬ್ನೇ ತಳವಾಯ್."

ಇಷ್ಟು ಸ್ಪಷ್ಟವಾಗಿ ಹೇಳಿದರೂ ಪುಟ್ಟಸಿದ್ದಯ್ಯ ಅವನನ್ನು ಮೇಲೆ ಕರೆದೊಯ್ದು ಮುದ್ದೆ, ಹುರುಳಿ ಸಾರು ಹಾಕಿಸಿದ. ನಾಲ್ಕು ಬಸ್ಸು ಬಿಟ್ಟ ಮೇಲೆ ಪಾಪದ ಹುಡುಗ ಪಾತ್ರೆ ತೆಗೆದುಕೊಂಡು ಹೋದ. "ನಮ್ಮ ದಂಡು ತಮಿಳುನಾಡಿನ ಗಡಿ ಮುಟ್ಟಿತ್ತು" ಎಂದು ಪುಟ್ಟಸಿದ್ದಯ್ಯ ಮಾದುವಿಗೆ ತಿಳಿಸಿದ.

ಇಷ್ಟರಲ್ಲಿ ಮಗಳು ಕೋಮಲಳ ಮದುವೆಯ ಮಾತು ಗಟ್ಟಿಯಾಗಿತ್ತು. ಕೋಮಲ ಯಳಂದೂರಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಅಲ್ಲಿಗೆ ಸೂಜಿ ಹಾಕಿಸಿಕೊಳ್ಳಲು ಬರುತ್ತಿದ್ದ ಲಕ್ಷ್ಮಿದೇವಿ ಎಂಬ ಮುದುಕಿಗೆ ಈ ಹುಡುಗಿ ಬಹಳ ಹಿಡಿಸಿದ್ದಳು. ಅಜ್ಜಿಯನ್ನು ಬೈಕಿನಲ್ಲಿ ಕರೆತರುತ್ತಿದ್ದ ಮೊಮ್ಮಗ ನಿಂಗರಾಜುವಿಗೆ ಅದಕ್ಕಿಂತ ಹೆಚ್ಚು ಹಿಡಿಸಿದ್ದಳು. ಅವನು ಪಶು ಆಸ್ಪತ್ರೆಯಲ್ಲಿ ಕೆಲಸದಲ್ಲಿದ್ದ. ಅಜ್ಜಿಗೆ ಜ್ವರ ಬಿಟ್ಟರೂ ಮೊಮ್ಮಗ ಆಸ್ಪತ್ರೆಯ ದಾರಿ ಬಿಡಲಿಲ್ಲ. ಕೋಮಲಳೂ ಬೇಡವೆನ್ನಲಿಲ್ಲ. ನಿಂಗರಾಜುವಿನ ಅಪ್ಪ ಚೆನ್ನಯ್ಯ ಕುಲ, ಮನೆದೇವರು ಎಲ್ಲ ವಿಚಾರಿಸಿ, ಕುಲ ಬೇರೆ ಬೇರೆ, ತೊಂದರೆಯಿಲ್ಲ ಎಂದು ನಿಶ್ಚಯ ಮಾಡಿಕೊಂಡಿದ್ದ. ಉಳಿದದ್ದು ಹೆಣ್ಣು ನೋಡುವ ಶಾಸ್ತ್ರವೊಂದೇ.

ಆ ಭಾನುವಾರ ಗಂಡಿನ ಕಡೆಯವರ ಕಾರು ಅಂಗಡಿಯ ಮುಂದೆ ನಿಂತಿತು. ಲಕ್ಷ್ಮಿದೇವಿ ಮಂಡಿನೋವೆಂದು ಬಂದಿರಲಿಲ್ಲ. ಚೆನ್ನಯ್ಯ, ನಿಂಗರಾಜು ಇಳಿದರು. ಕಡೆಯಲ್ಲಿ, ಬಾಗಿಲನ್ನು ಬೇರೆಯವರು ತೆಗೆದ ಮೇಲೆ, ಚೆನ್ನಯ್ಯನ ಅಪ್ಪ ದೊಡ್ಡಮಾದಪ್ಪ ಇಳಿದರು. ಬಿಳಿ ಮೀಸೆ, ಬಿಳಿ ಪಂಚೆ, ಕೈಯಲ್ಲಿ ಮಾತ್ರ ಯಾವ ಸಾಮಾನೂ ಇಲ್ಲ. "ಚೆನ್ನಾ, ನನ್ ಕೊಡೆ ತತ್ತಾ. ನಿಂಗಾ, ಹಣ್ಣಿನ ಚೀಲ ಇಡ್ಕೊ" ಎನ್ನುತ್ತ ತಲೆಯೆತ್ತಿದವರು ಬೋರ್ಡಿನ ಕೆಳಗೆ ಹಾಗೇ ನಿಂತರು.

"ದ-ಳ-ವಾ-ಯಿ" ಎಂದು ಅಕ್ಷರ ಅಕ್ಷರ ಕೂಡಿಸಿ ಓದಿದರು. "ಇದ್ಯಾರು?"

"ನಾನೇ" ಎಂದ ಪುಟ್ಟಸಿದ್ದಯ್ಯ ಎದೆ ಉಬ್ಬಿಸಿ.

"ನೀವು ದಳವಾಯೋರಾ? ಮೊದ್ಲೇ ಯಾಕೆ ಏಳ್ನಿಲ್ಲ? ನಾವೂ ದಳವಾಯೋರೇ ಕಣ್ರೀ! ಯಳಂದೂರಲ್ಲಿ ಯಾರ್ನಾದ್ರೂ ಕೇಳಿ, ದಳವಾಯೋರ ಮನೆ ಯಾವ್ದು ಅಂತ, ಕೈ ಇಡ್ದು ಕರ್ಕಬತ್ತಾರೆ!"

ಇಬ್ಬರೂ ಬೀದಿಯಲ್ಲೇ ತಬ್ಬಿಕೊಂಡರು. ಮಾದು ಚಪ್ಪಾಳೆ ತಟ್ಟಿದ. ಮೆಟ್ಟಿಲು ಹತ್ತಿ ಕೂತ ಮೇಲೂ ದೊಡ್ಡಮಾದಪ್ಪ ಪುಟ್ಟಸಿದ್ದಯ್ಯನ ಕೈ ಬಿಡಲಿಲ್ಲ.

"ನಿಮ್ಮೋರು ಮೊದ್ಲು ಎಲ್ಲಿದ್ರು?"

"ಕೌದಳ್ಳೀಲಿ."

"ಅದ್ಕೂ ಮೊದ್ಲು?"

ಅದಕ್ಕೂ ಮೊದಲಿನದು ಪುಟ್ಟಸಿದ್ದಯ್ಯನಿಗೆ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲ ಎನ್ನುವ ದಳವಾಯಿ ಎಲ್ಲಾದರೂ ಉಂಟೆ? "ಅದ್ಕೂ ಮೊದ್ಲು... ಯಳಂದೂರು ಕಡೆ ಅಂತಿದ್ರು" ಎಂದ. ಬೀಗರಾಗುವವರ ಊರು, ಹೇಳಿದರೆ ಸಂತೋಷಪಡುತ್ತಾರೆ ಎಂಬುದಷ್ಟೇ ಅವನ ಲೆಕ್ಕ.

ದೊಡ್ಡಮಾದಪ್ಪನವರ ಕಣ್ಣು ಅರಳಿತು. "ನಮ್ ತಾತನ ತಾತಂಗೆ ಒಬ್ಬ ತಮ್ಮ ಇದ್ದ. ಪಾಲಿನ ಇಚಾರ್ದಲ್ಲಿ ಮುನಿಸ್ಕಂಡು ಓದೋನು ತಿರ್ಗಿ ಬರ್ನಿಲ್ಲ."

"ಎಲ್ಲಿಂದ ಬತ್ತಾರೆ? ಕೌದಳ್ಳೀಲಿ ನೆಲೆ ನಿಂತ್ರಲ್ಲ!"

"ಭಾರಿ ಕೋಪಿಷ್ಠನಂತೆ."

"ನಮ್ಮನೇಲಿ ಎಲ್ರೂ ಕೋಪಿಷ್ಠರೇ!"

ಅಡುಗೆಮನೆಯಲ್ಲಿ ಗೋವಿಂದಮ್ಮನ ಕೈಯಿಂದ ಸೌಟು ಜಾರಿತು. ಚೆನ್ನಯ್ಯ ಗಂಟಲು ಸರಿಮಾಡಿಕೊಂಡು, "ಅಪ್ಪಾ, ಕುಲ ಬೇರೆ ಬೇರೆ ಅಂತ ನಾನು ಮೊದ್ಲೇ ಕೇಳಿವ್ನಿ" ಎಂದ.

"ಕುಲ ಬಾಯ್ಮಾತು ಕಣ್ಲಾ. ಮುನಿಸ್ಕಂಡು ಓದೋನು ಇನ್ನೊಂದು ಕುಲ ಏಳಿರ್ತಾನೆ. ಇದು ಅಂಗಲ್ಲ, ಬಣ್ಣದಲ್ಲಿ ಬರ್ದದೆ! ಯಾರ್ಲಾ ಅಲ್ಲಿ, ಆ ಫ್ಯಾನು ಜೋರು ಮಾಡಿ." ದೊಡ್ಡಮಾದಪ್ಪ ಪಂಚೆಯ ಚುಂಗಿನಿಂದ ಕಣ್ಣೊರೆಸಿಕೊಂಡರು. "ಈಟು ವರ್ಷ ಆದ್ಮೇಲೆ ರಕ್ತ ರಕ್ತವ ಕಂಡದೆ. ಲೋ ಸಿದ್ದ, ಇನ್ಮೇಲೆ ನಾನು ನಿಂಗೆ ದೊಡ್ಡಪ್ಪ. ಕರಿ ಕೂಸ್ನ, ಮೊಕ ನೋಡವು."

ಕೋಮಲ ಕಾಫಿಯ ತಟ್ಟೆ ಹಿಡಿದು ಬಂದಳು.

"ಬಾ ಮಗ, ಬಾ. ಅಯ್ಯೋ, ನಮ್ಮನೆ ಮೂಗೇ! ನಿಂಗಾ, ಎದ್ದೇಳ್ಲಾ, ನಿನ್ ತಂಗಿ ಬಂದವ್ಳೆ!"

'ತಂಗಿ' ಎಂಬ ಮಾತು ಅದನ್ನು ಆಡಿದವರಿಗೇ ಕಡೆಯಲ್ಲಿ ಅರ್ಥವಾಯಿತು. ದೊಡ್ಡಮಾದಪ್ಪನವರ ಬಾಯಿ ತೆರೆದದ್ದು ಹಾಗೇ ಉಳಿಯಿತು. ಪುಟ್ಟಸಿದ್ದಯ್ಯ ನೆಲದ ಟೈಲ್ಸು ನೋಡಿದ.

ಕೋಮಲ ಅಪ್ಪನ ಕಡೆ ಒಂದು ಸಲ ನೋಡಿದಳು. ಆಮೇಲೆ ತಟ್ಟೆಯನ್ನು ನಿಂಗರಾಜುವಿನ ಮುಂದೆ ಹಿಡಿದು, "ಕಾಫಿ ತಕಳಣ್ಣ" ಎಂದಳು. ನಿಂಗರಾಜುವಿನ ಕಾಫಿ ಅರ್ಧ ಅಂಗಿಯ ಮೇಲೆ ಹೋಯಿತು.

ಗಂಡಿನ ಕಡೆಯವರು ಉಪ್ಪಿಟ್ಟು, ಕೇಸರಿಬಾತು ಎರಡನ್ನೂ ತಿಂದೇ ಹೋದರು. ಬೀಗರಾಗದಿದ್ದರೇನು, ದಾಯಾದಿಗಳಾದರಲ್ಲ.

ಸಂಬಂಧ ಮುರಿದು ಅಷ್ಟಕ್ಕೇ ನಿಂತಿದ್ದರೆ ಒಂದು ರೀತಿ. ದೊಡ್ಡಮಾದಪ್ಪ ಕಳೆದುಹೋದ ಕವಲನ್ನು ಕಂಡ ಖುಷಿಯಲ್ಲಿ ದಿನಾ ಬೆಳಿಗ್ಗೆ ಫೋನ್ ಮಾಡತೊಡಗಿದರು. ಅಂಗಡಿ ಯಾವಾಗ ತೆಗೆಯಬೇಕು, ಶಾಮಿಯಾನಕ್ಕೆ ಯಾವ ಬಣ್ಣ ಶುಭ, ಹಿರಿಯರಿಗೆ ಎಡೆ ಇಡಲು ಎಲ್ಲರೂ ಯಳಂದೂರಿಗೆ ಯಾವ ಬಸ್ಸಿಗೆ ಬರಬೇಕು, ಎಲ್ಲಕ್ಕೂ ಅಪ್ಪಣೆ ಬರುತ್ತಿತ್ತು. ಪುಟ್ಟಸಿದ್ದಯ್ಯ "ಆಗ್ಲಿ ದೊಡ್ಡಪ್ಪ" ಎನ್ನುತ್ತಿದ್ದ. ಒಂದು ದಿನ ಹೊಸ ಅಪ್ಪಣೆ ಬಂತು.

"ಲೋ ಸಿದ್ದ, ಕೂಸಿನ ಇಚಾರ ನನಗೆ ಬುಡು. ನನ್ ಮೊಮ್ಮಗ್ಳಲ್ವಾ? ಒಬ್ಬ ಗಂಡು ನೋಡಿವ್ನಿ. ತೆಂಗಿನ ತೋಟ ಅದೆ. ಮೊದ್ಲ ಎಂಡ್ತಿ ತೀರೋಗವ್ಳೆ. ವಯಸ್ಸು ವಸಿ ಜಾಸ್ತಿ, ಆದ್ರೆ ಅಲ್ಲು ಎಲ್ಲಾ ಗಟ್ಟಿಯಾಗವೆ. ಬರೋ ಭಾನುವಾರ ಕೂಸ್ನ ಯಳಂದೂರಿಗೆ ಕರ್ಕಂಬಾ. ಅವ್ನು ಮಧ್ಯಾಹ್ನಕ್ಕೆ ಬತ್ತಾನೆ. ನಿಂಗನಿಗೂ ಒಂದು ಎಣ್ಣು ನೋಡ್ತಾ ಇವ್ನಿ. ಕೋಮಲ ಅತ್ತಿಗೇನ ಒಪ್ಪಿದ್ರೆ ಆಯ್ತು."

ಪುಟ್ಟಸಿದ್ದಯ್ಯ "ನೋಡಾನ ದೊಡ್ಡಪ್ಪ" ಎಂದು ಫೋನ್ ಇಟ್ಟ. ಸಲಹೆ ಕೇಳಲು ರುದ್ರಸ್ವಾಮಿಗೆ ಫೋನ್ ಮಾಡಿದ.

"ಹೆಸರು ಮಾತ್ರ ಬಿಡಬೇಡಿ. ಹಾಕಿಸಿದ ಮೇಲೆ ತೆಗೆದರೆ ಮರ್ಯಾದೆ ಹೋಗುತ್ತೆ" ಎಂದ ರುದ್ರಸ್ವಾಮಿ.

"ಅಂಗಾರೆ ನಿಮ್ ಪಾಟೀಲ್ ಎಲ್ಲಿಂದ ಬಂತು ಭಾವ? ನಿಜ ಏಳಿ."

ರುದ್ರಸ್ವಾಮಿ ದನಿ ತಗ್ಗಿಸಿದ. "ಮೊದಲು ಬಾಡಿಗೆಗೆ ಇದ್ವಲ್ಲ, ಆ ಮನೆ ಓನರು ಪಾಟೀಲ್. ಗೇಟಲ್ಲಿ ಅವರ ಹೆಸರಿತ್ತು. ಹಾಲಿನವನು, ಪೇಪರಿನವನು ಎಲ್ಲ ನನ್ನನ್ನೇ ಪಾಟೀಲ್ ಸಾರ್ ಅಂತಿದ್ದರು. ಹೊಸ ಮನೆಗೆ ಬಂದಾಗ ಬಿಟ್ಟು ಬರೋಕೆ ಮನಸ್ಸಾಗಲಿಲ್ಲ. ಯಾರಿಗೂ ಹೇಳಬೇಡಿ."

ಅತ್ತ ಕೋಮಲ ಅಪ್ಪನೊಡನೆ ಮಾತು ಬಿಟ್ಟು ಎರಡು ವಾರವಾಗಿತ್ತು. ಏನು ಬೇಕಾದರೂ ಅಮ್ಮನ ಮೂಲಕ ಕೇಳುತ್ತಿದ್ದಳು. ತೆಂಗಿನ ತೋಟದವನ ಸುದ್ದಿ ಕೇಳಿದ ದಿನ ಮಾತ್ರ ನೇರವಾಗಿ ಎದುರು ಬಂದು ನಿಂತಳು.

"ಅಪ್ಪಾ, ನಾನು ನಿಂಗರಾಜುನೇ ಮದ್ವೆ ಆಗೋದು. ಇಲ್ಲಾಂದ್ರೆ ಯಾರ್ನೂ ಇಲ್ಲ. ಆ ದಳವಾಯಿ ಅನ್ನೋದು ನಿಂಗೆ ಯಾರು ಏಳಿದ್ದು?"

"ಅತ್ತೆ."

"ಯಾಕೆ ಆ ಎಸ್ರು ಬಂತು ಅಂತ ಕೇಳ್ದಾ?"

"ಅವ್ಳು ಏಳಕ್ಕೆ ಓದ್ಲು, ನಾನೇ ಫೋನ್ ಇಟ್ಬುಟ್ಟೆ."

ಕೋಮಲ ಚಪ್ಪಲಿ ಮೆಟ್ಟಿಕೊಂಡಳು. "ಎದ್ದೇಳು. ಕೌದಳ್ಳಿ ಮೇಲೆ ಓಗೋ ಬೆಟ್ಟದ ಬಸ್ಸು ಇನ್ನೂ ಓಗಿಲ್ಲ."

ಹನೂರು ದಾಟಿ ಕೌದಳ್ಳಿಯಲ್ಲಿ ಇಳಿದಾಗ ರಂಗಮ್ಮ ಜಗಲಿಯ ಮೇಲೆ ಕಡಲೆಕಾಯಿ ಬಿಡಿಸುತ್ತ ಕೂತಿದ್ದಳು. ಬಂದವರಿಗೆ ನೀರು ಕೊಡುವುದಕ್ಕೆ ಮೊದಲೇ, "ಅವತ್ತು ಮಾತಾಡ್ತಿದ್ದಂಗೇ ಫೋನ್ ಕುಕ್ದಲ್ಲ, ಏನ್ ಬಂದಿತ್ಲಾ ನಿಂಗೆ?" ಎಂದು ಗದರಿದಳು.

"ತಪ್ಪಾಯ್ತು ಅತ್ತೆ. ಈಗ ಏಳು. ನಮ್ ತಾತ ಯಾವ ರಾಜನತ್ರ ದಳವಾಯಿ ಆಗಿದ್ದ?"

ರಂಗಮ್ಮ ಕಡಲೆಕಾಯಿ ಕೆಳಗಿಟ್ಟಳು. "ರಾಜನಾ? ಬೇಲಿಮನೆ ಕಾಳ ರಾಜ ಆಗಿದ್ದ. ನಾಟಕದಲ್ಲಿ."

ಅವಳು ಹೇಳಿದ ಕತೆ ಹೀಗಿತ್ತು. ಊರಿನಲ್ಲಿ ಒಂದು ವರ್ಷ ನಾಟಕ ಕಟ್ಟಿದ್ದರು. ರಂಗಮ್ಮನ ಅಪ್ಪ ಶಿವಯ್ಯನಿಗೆ ದಳವಾಯಿಯ ಪಾತ್ರ, ಏಕೆಂದರೆ ಬಾಡಿಗೆಗೆ ತಂದ ನಿಲುವಂಗಿ ಹಿಡಿಸುವಷ್ಟು ಎತ್ತರದವನು ಅವನೊಬ್ಬನೇ. ಅವನಿಗಿದ್ದದ್ದು ಒಂದೇ ಮಾತು: 'ಅಪ್ಪಣೆ ಮಹಾಪ್ರಭು.' ಅವನ ಸರದಿ ಬರುವಷ್ಟರಲ್ಲಿ ಬೆಳಕು ಹರಿಯುತ್ತಿತ್ತು. ರಾಜ ಸಿಂಹಾಸನದಿಂದೆದ್ದು, 'ಎಲೈ ದಳವಾಯಿ, ನಮ್ಮ ಗಡಿಯೊಳಗೆ ನುಗ್ಗಿರುವ ಶತ್ರುವನ್ನು ಹೊಡೆದೋಡಿಸು' ಎಂದು ಗುಡುಗಿದ. ನಾಟಕದ ಅಟ್ಟದ ಮೇಲೆ ನಿಂತಿದ್ದ ಶಿವಯ್ಯನಿಗೆ ಅದೇ ಹೊತ್ತಿಗೆ ದೂರದ ತನ್ನ ರಾಗಿ ಹೊಲ ಕಾಣಿಸಿತು. ಹೊಲದೊಳಗೆ ಪಕ್ಕದ ಮನೆಯವರ ಎಮ್ಮೆ.

"'ಅಪ್ಪಣೆ ಮಹಾಪ್ರಭು' ಅಂದೋನೇ ನಮ್ಮಪ್ಪ ಅಟ್ಟದಿಂದ ಧುಮುಕಿ ಮರದ ಕತ್ತಿ ಇಡ್ಕಂಡು ಓಡಿದ್ದೇ ಓಡಿದ್ದು! ಜನ ನಾಟಕದಲ್ಲೇ ಅಂಗೇ ಅದೆ ಅಂತ ಚಪ್ಪಾಳೆ ಒಡುದ್ರು. ಕಾಳ ಅಲ್ಲೇ ಕಾಯ್ತಾ ನಿಂತಿದ್ದ. ದಳವಾಯಿ ಎಂಗೆ ಬತ್ತಾನೆ? ಎಮ್ಮೆ ಕೆರೆ ಏರಿ ಮೇಲೆ, ಕಿರೀಟ ಇಕ್ಕಂಡು ನಮ್ಮಪ್ಪ ಅದ್ರ ಇಂದೆ. ಅವತ್ತಿಂದ ದಳವಾಯಿ."

"ಮತ್ತೆ ದಂಡು?" ಎಂದ ಪುಟ್ಟಸಿದ್ದಯ್ಯ ಸಣ್ಣ ದನಿಯಲ್ಲಿ.

"ದಂಡೂ ಇಲ್ಲ, ದಾಳೀನೂ ಇಲ್ಲ. ಎಮ್ಮೆ ಒಂದೇ."

"ಯಳಂದೂರಿಂದ ಬಂದೋರು ಅಂತ..."

"ಯಾವ ಯಳಂದೂರು? ನಮ್ಮೋರು ಈ ಊರು ಬುಟ್ಟು ಓಗಿರೋದು ನೀನೊಬ್ನೇ."

ಕೋಮಲ ನಕ್ಕ ನಗುವಿಗೆ ಜಗಲಿಯ ಕೆಳಗೆ ಮಲಗಿದ್ದ ನಾಯಿ ಎದ್ದು ಹೋಯಿತು. ನಕ್ಕು ಮುಗಿದ ಮೇಲೆ, "ಅಜ್ಜಿ, ಭಾನುವಾರ ನಮ್ ಜೊತೆ ಯಳಂದೂರಿಗೆ ಬರ್ಬೇಕು" ಎಂದಳು. ಬಸ್ಸಿನಲ್ಲಿ ಹಿಂದಿರುಗುವಾಗ ಪುಟ್ಟಸಿದ್ದಯ್ಯ ಮಗಳ ಕಡೆ ಬಾಗಿ ಮೆಲ್ಲನೆ ಕೇಳಿದ: "ಎಮ್ಮೆ ಬದ್ಲು ಆನೆ ಅಂದ್ರೆ ಏನಾದ್ರೂ ತೊಂದ್ರೇನಾ? ಆ ಕಡೆ ಆನೆ ಓಡಾಡ್ತವೆ."

"ಅಪ್ಪಾ, ಎಮ್ಮೆ ಅಂದ್ರೆ ಎಮ್ಮೆ."

ಭಾನುವಾರ ಯಳಂದೂರಿನಲ್ಲಿ ದೊಡ್ಡಮಾದಪ್ಪನವರ ಮನೆ ತುಂಬಿತ್ತು. ಕಳೆದುಹೋದ ದಾಯಾದಿಯನ್ನು ನೋಡಲೆಂದು ಅಕ್ಕಪಕ್ಕದವರೂ ಬಂದಿದ್ದರು. ದೊಡ್ಡಮಾದಪ್ಪ ನಡುಮನೆಯ ಕುರ್ಚಿಯಿಂದ "ಚಾಪೆ ಆಸಿ, ನೀರು ತನ್ನಿ, ಆ ಕಿಟಕಿ ತೆಗೀರಿ" ಎಂದು ಮನೆಯನ್ನು ನಡೆಸುತ್ತಿದ್ದರು. ನಿಂಗರಾಜು ಮೂಲೆಯಲ್ಲಿ ನಿಂತಿದ್ದ; ಕೋಮಲಳನ್ನು ನೋಡಲೋ ಬೇಡವೋ ಎಂದು ತಿಳಿಯದೆ ಗೋಡೆಯ ಗಡಿಯಾರ ನೋಡುತ್ತಿದ್ದ.

ಪುಟ್ಟಸಿದ್ದಯ್ಯ ಎದ್ದು ನಿಂತ. "ದೊಡ್ಡಪ್ಪ, ಒಂದು ಮಾತು ಏಳ್ಬೇಕು. ನಮ್ ತಾತ ಒಂದು ದಾಳೀನ ಎದುರ್ಸಿದ್ದು ನಿಜ. ಶತ್ರು ದೊಡ್ಡದಾಗೇ ಇತ್ತು..."

ಕೋಮಲ ಕೆಮ್ಮಿದಳು.

"ಎಮ್ಮೆ" ಎಂದು ಮುಗಿಸಿದ ಪುಟ್ಟಸಿದ್ದಯ್ಯ. ಆಮೇಲೆ ನಾಟಕ, ನಿಲುವಂಗಿ, ರಾಗಿ ಹೊಲ ಎಲ್ಲವನ್ನೂ ತಲೆ ತಗ್ಗಿಸಿ ಹೇಳಿದ. ಅವನು ಬಿಟ್ಟದ್ದನ್ನು ರಂಗಮ್ಮ ಸೇರಿಸಿದಳು. ಕಿರೀಟ ಕೆರೆಯಲ್ಲಿ ಬಿದ್ದದ್ದು, ಅದಕ್ಕೆ ದಂಡ ಕಟ್ಟಿದ್ದು. "ಯಳಂದೂರಿನ ತಮ್ಮನ ಕತೆಗೆ ಸುಮ್ನೆ ಹೂಂ ಅಂದೆ, ನಿಮ್ಗೆ ಖುಷಿ ಆಗ್ಲಿ ಅಂತ. ಬೋರ್ಡು ನೋಡಿ ನಂಬಬ್ಯಾಡಿ. ನಾವು ದಾಯಾದಿಗಳಲ್ಲ. ಕೂಸಿಗೂ ನಿಂಗರಾಜೂಗೂ ಮದ್ವೆ ಆಗ್ಬೋದು" ಎಂದ.

ಮೊದಲು ನಕ್ಕವರು ದೊಡ್ಡಮಾದಪ್ಪನವರೇ. ಮೀಸೆ ಕುಣಿಯುವಂತೆ ನಕ್ಕರು. ನೆರೆದವರೆಲ್ಲ ನಕ್ಕರು. ನಿಂಗರಾಜು ಗಡಿಯಾರ ಬಿಟ್ಟು ಕೋಮಲಳನ್ನು ನೋಡಿದ. ಅಷ್ಟರಲ್ಲಿ ದೊಡ್ಡಮಾದಪ್ಪನವರ ನಗೆ ನಿಂತು ಬೆನ್ನು ನೆಟ್ಟಗಾಯಿತು.

"ಅಂದ್ರೆ ನೀವು ನಾಟಕದ ದಳವಾಯಿ. ನಾವು ದಂಡಿನ ದಳವಾಯಿ. ಎಮ್ಮೆ ಓಡ್ಸಿದೋರ ಮನೆ ಎಣ್ಣ ನಾವು ತರಾದುಂಟಾ? ಸಂಬಂಧ ಸಮಕ್ಕೆ ಸಮ ಇರ್ಬೇಕು. ಚೆನ್ನಾ, ಇವರ್ನ ಬಸ್ಸು ಅತ್ತಿಸ್ಬುಟ್ಟು ಬಾ. ಲಕ್ಷ್ಮೀ, ನಂಗೆ ಕಾಫಿ ತಕಂಬಾ."

ದಳವಾಯಿಯಾದರೆ ಅಣ್ಣ ತಂಗಿ, ಅಲ್ಲದಿದ್ದರೆ ಅಂತಸ್ತು ಸಾಲದು. ಪುಟ್ಟಸಿದ್ದಯ್ಯ ಈ ಎರಡರ ನಡುವೆ ಸಿಕ್ಕಿಕೊಂಡ.

ಲಕ್ಷ್ಮಿದೇವಿ ಅಡುಗೆಮನೆಯಿಂದ ಬಂದರು. ಕೈಯಲ್ಲಿ ಕಾಫಿ ಇರಲಿಲ್ಲ. ಮಂಡಿ ಹಿಡಿದುಕೊಂಡು ಗಂಡನ ಎದುರಿಗೇ ಕೂತರು.

"ಯಾವ ದಂಡು?" ಎಂದರು.

"ಅಂದ್ರೆ?"

"ನೀವು ದಂಡಿನ ದಳವಾಯಿ ಅಂದ್ರಲ್ಲ, ಯಾವ ದಂಡು ಅಂದೆ. ನಿಮ್ ತಾತನ ತಾತಂಗೆ ಎಲ್ಲಿತ್ತು ಈ ಎಸ್ರು? ಅವ್ರ ತಮ್ಮ ಕೌದಳ್ಳಿಗೆ ಓಗ್ನಿಲ್ಲ. ಇಲ್ಲೇ ಮಾಂಬಳ್ಳಿಗೆ ಮನೆ ಅಳಿಯ ಆಗಿ ಓದ್ರು. ಅವ್ರ ಮನೆಯೋರು ಈಗ್ಲೂ ಅಲ್ಲೇ ಅವ್ರೆ. ದಳವಾಯಿ ಅಂತ ಎಸ್ರು ಬಂದದ್ದು ನಿಮ್ಮಪ್ಪನಿಗೆ. ಇಟ್ಟೋರು ನಮ್ಮತ್ತೆ."

"ನಮ್ಮವ್ವನಾ?"

"ನಿಮ್ಮವ್ವನೇ. ನಿಮ್ಮಪ್ಪ ಜಗಲಿ ಬುಟ್ಟು ಇಳೀತಿರ್ನಿಲ್ಲ. ಕುಂತ್ಕಡೆಯಿಂದ್ಲೇ ನೀರು ತತ್ತಾ, ಎಲೆಅಡ್ಕೆ ತತ್ತಾ, ಎತ್ತು ಕಟ್ಟು. ನಮ್ಮತ್ತೆ ದಿನವೆಲ್ಲ ಬಗ್ಗಿ ನಾಟಿ ಆಕಿ, ಹೊತ್ತು ಮುಳುಗೋವಾಗ 'ಬುಡ್ರವ್ವ ನಾನು ಓಯ್ತೀನಿ, ಅಟ್ಟೀಲಿ ದಳವಾಯಿ ಕುಂತವ್ನೆ, ಅಪ್ಪಣೆ ನಡಸ್ಬೇಕು' ಅಂತಿದ್ರಂತೆ. ನಾಟಿ ಆಕೋ ಎಂಗಸ್ರೆಲ್ಲ ಬಿದ್ದು ಬಿದ್ದು ನಗೋರಂತೆ. ಅಂಗೇ ಊರೆಲ್ಲ ದಳವಾಯಿ ಮನೆ ಆಯ್ತು. ನಾನು ಸೊಸೆಯಾಗಿ ಬಂದಾಗ ನಮ್ಮತ್ತೇನೇ ಏಳಿದ್ದು."

"ನನಗ್ಯಾಕೆ ಗೊತ್ತಿಲ್ಲ?"

"ಅದು ಗದ್ದೇಲಿ ಇಟ್ಟ ಎಸ್ರು. ನೀವು ಗದ್ದೆಗೆ ಓದೋರಲ್ಲ."

ಈ ಸಲ ನಗಲು ಯಾರಿಗೂ ಧೈರ್ಯ ಬರಲಿಲ್ಲ. ಚೆನ್ನಯ್ಯ ಕಿಟಕಿಯ ಹೊರಗೆ ನೋಡಿದ. ಅವನ ಹೆಗಲು ಮಾತ್ರ ಅಲುಗುತ್ತಿತ್ತು. ರಂಗಮ್ಮ ಕೂತಲ್ಲಿಂದಲೇ ಲಕ್ಷ್ಮಿದೇವಿಯ ಕಡೆ ಬಾಗಿ, "ನಮ್ಮಪ್ಪ ಎಮ್ಮೇನಾದ್ರೂ ಓಡ್ಸಿದ್ದ ಕಣವ್ವ" ಎಂದಳು.

ದೊಡ್ಡಮಾದಪ್ಪ ಹೆಂಡತಿಯ ಮುಖ ನೋಡಿದರು. ಆಮೇಲೆ ಪುಟ್ಟಸಿದ್ದಯ್ಯನ ಕಡೆ ತಿರುಗಿದರು. ದನಿ ಇಳಿದಿತ್ತು.

"ಅಂಗಾದ್ರೆ ನೀನು ನಮ್ಮೋನಲ್ಲ?"

"ಅಲ್ಲ."

"ದಿನಾ ಫೋನ್ ಮಾಡ್ತಿದ್ದೆ. ನಮ್ಮ ಚೆನ್ನ ನಾನೇನು ಏಳುದ್ರೂ ಹೂಂ ಅನ್ನಲ್ಲ, ಉಹೂಂನೂ ಅನ್ನಲ್ಲ. ನೀನು ಆಗ್ಲಿ ದೊಡ್ಡಪ್ಪ ಅಂತಿದ್ದೆ. ಇನ್ನೊಬ್ಬ ಮಗ ಸಿಕ್ದ ಅಂದ್ಕಂಡಿದ್ದೆ."

ಪುಟ್ಟಸಿದ್ದಯ್ಯನಿಗೆ ಏನನ್ನಿಸಿತೋ, ಹೋಗಿ ಅವರ ಪಕ್ಕದಲ್ಲಿ ಕೂತ. "ಬೀಗ ಸಿಕ್ಕವ್ನೆ ಬುಡಿ. ಫೋನ್ ಮಾಡ್ತಾ ಇರಿ, ನಾನು ಆಗ್ಲಿ ಅಂತಾ ಇರ್ತೀನಿ."

ದೊಡ್ಡಮಾದಪ್ಪ ಮೂಗು ಒರೆಸಿಕೊಂಡರು. "ಆ ತೆಂಗಿನ ತೋಟದೋನಿಗೆ ಬರ್ಬ್ಯಾಡ ಅಂತ ಏಳಿ ಯಾರಾರ" ಎಂದರು. ಆ ಕೆಲಸವನ್ನು ನಿಂಗರಾಜು ಆಗಲೇ ಹೊರಗೆ ಹೋಗಿ ಮಾಡಿ ಬಂದಿದ್ದ. ಲಕ್ಷ್ಮಿದೇವಿ ಎದ್ದು ಎಲ್ಲರಿಗೂ ಕಾಫಿ ತಂದರು. ಸಂಬಂಧ ನಿಶ್ಚಯವಾಯಿತು. 'ಲೋ ಸಿದ್ದ' ಹೋಗಿ 'ಸಿದ್ದಯ್ನೋರೇ' ಬಂತು.

ಆಹ್ವಾನ ಪತ್ರಿಕೆ ಅಚ್ಚು ಹಾಕಿಸುವಾಗ ಸಣ್ಣದೊಂದು ಗಲಾಟೆ ಎದ್ದಿತು. ನಿಜ ಗೊತ್ತಾದ ಮೇಲೂ ದಳವಾಯಿ ಎಂಬುದನ್ನು ಬಿಡಲು ಇಬ್ಬರು ಹಿರಿಯರಿಗೂ ಮನಸ್ಸಿರಲಿಲ್ಲ. ಪತ್ರಿಕೆಯಲ್ಲಿ ನೋಡಲು ಚೆನ್ನಾಗಿರುತ್ತದೆ. ಎರಡು ಕಡೆಯೂ ಅದನ್ನೇ ಹಾಕಿಸಿದರೆ ಅಣ್ಣ ತಂಗಿಗೆ ಮದುವೆ ಮಾಡುತ್ತಿದ್ದಾರೆ ಎಂದು ಊರು ನಗುತ್ತದೆ ಎಂದು ಕೋಮಲ ಹೇಳಿದ ಮೇಲೆ ಪುಟ್ಟಸಿದ್ದಯ್ಯನೇ ಬಿಟ್ಟುಕೊಟ್ಟ. ಹೆಣ್ಣಿನ ಕಡೆಯವನು ತಗ್ಗಬೇಕಾದದ್ದು ಪದ್ಧತಿ. ಮೂರ್ತಿ ಮತ್ತೆ ಏಣಿ ಹಾಕಿ 'ದಳವಾಯಿ' ಎಂಬುದರ ಮೇಲೆ ಬಿಳಿ ಬಣ್ಣ ಬಳಿದ. ಮದುವೆ ಕೊಳ್ಳೇಗಾಲದಲ್ಲೇ ಆಯಿತು. ಹೊಸ ಪರದೆ, ಹೊಸ ಕುರ್ಚಿ. ರುದ್ರಸ್ವಾಮಿ ಮೈಸೂರಿನಿಂದ ಬಂದಿದ್ದ. ಅವನನ್ನು ಯಾರೋ "ಪಾಟೀಲ್ ಸಾರ್" ಎಂದಾಗ ಪುಟ್ಟಸಿದ್ದಯ್ಯ ಬೇರೆ ಕಡೆ ನೋಡಿದ.

ಮದುವೆಯಾಗಿ ತಿಂಗಳು ಕಳೆದಿರಬಹುದು. ಒಂದು ಬೆಳಿಗ್ಗೆ ಅಂಗಡಿ ತೆಗೆಯುವ ಹೊತ್ತಿಗೆ ಯಳಂದೂರಿನಿಂದ ಫೋನ್ ಬಂತು. ದೊಡ್ಡಮಾದಪ್ಪನವರು ಪಿಸುದನಿಯಲ್ಲಿ ಮಾತಾಡುತ್ತಿದ್ದರು.

"ಸಿದ್ದಯ್ನೋರೇ, ನಿಮ್ ಮಗ್ಳಿಗೆ ವಸಿ ಏಳಿ. ನನ್ ಕಾಫಿ ಲೋಟ ನನ್ ಕೈಲೇ ತೊಳ್ಸ್ತಾಳೆ. ಬೆಳಿಗ್ಗೆ ಎಬ್ಬಿಸಿ ಗದ್ದೆವರ್ಗೂ ನಡ್ಸ್ತಾಳೆ, ಬಿಪಿಗೆ ಒಳ್ಳೇದಂತೆ. ಕುಂತ್ಕಡೆಯಿಂದ ನೀರು ಕೇಳುದ್ರೆ, ಮಡಕೆ ಅಲ್ಲೇ ಅದೆ ತಾತ, ಎದ್ದೋಗಿ ಕುಡೀರಿ ಅಂತಾಳೆ. ಚೆನ್ನ ಅವ್ಳು ಅಂದಂಗೆ ಕುಣೀತಾನೆ. ನಿಂಗನ ಕತೆ ಕೇಳ್ಲೇಬ್ಯಾಡಿ. ನನ್ ಎಂಡ್ತಿ ಜಗಲಿ ಮೇಲೆ ಕಾಲು ಚಾಚ್ಕಂಡು ನಗ್ತಾ ಕುಂತಿರ್ತಾಳೆ. ನಮ್ಮಪ್ಪ ಅಲ್ಲ, ನಾನೂ ಅಲ್ಲ, ಈ ಮನೇಗೆ ದಳವಾಯಿ ಅಂತ ಬಂದಿರೋದು ಈಗ್ಲೇ ಕಣ್ರೀ. ಇರಿ, ಇರಿ, ಬಂದ್ಲು, ಇಡ್ತೀನಿ."

ಫೋನ್ ಕಡಿಯಿತು. ಮೇಲಿನಿಂದ ಗೋವಿಂದಮ್ಮ ಕೂಗಿ ಕೇಳಿದಳು.

"ಯಾರು? ಬೀಗರಾ? ಏನಂತೆ?"

"ಏನಿಲ್ಲ" ಎಂದ ಪುಟ್ಟಸಿದ್ದಯ್ಯ, ಷಟರ್ ಮೇಲೆತ್ತುತ್ತಾ. "ಕೂಸು ಸುಖವಾಗವ್ಳಂತೆ."